ಕೊರಿಯನ್‌ದಾಗ ‘ಇಲ್ಲ’ ಅನ್ನೂದು

ಖಾಸಬಾಗ, ಬೆಳಗಾವಿ
ಮಾರ್ಚ್ ೨೦೦೧

ಗಂಗೂಬಾಯಿ ಅಕ್ಕೋರಿಗೆ ಅನುರಾಧಾಳ ನಮಸ್ಕಾರ.

ಕೊರಿಯಾದವರ ಕಾರ್ಖಾನಿ ಕೆಲಸಕ್ಕ ಖಾನಾಪುರದ ನಿಮ್ಮ ಹುಡುಗ್ಯಾರು ಹಿಂದಿ ಕಲೀಬೇಕೊ, ಕೊರಿಯನ್ನೊ ಅಂತ ಕೇಳೀರಿ. ಹಿಂದಿ ಅವರ ಕಿವಿಗೆ ಬಿದ್ದೈತಿ, ಮರಾಠಿ ಓದಿದವರಿಗೆ ಲಿಪೀನೂ ಗೊತ್ತು. ಆದರ ಕುರ್ಚಿ ಹೆಣ್ಣು, ಪಂಖಾ ಗಂಡು ಅನ್ನೋದರಾಗ ಎಡವ್ತಾರ. ಕೊರಿಯನ್‌ದಾಗ ಆ ತ್ರಾಸಿಲ್ಲ. ನಮ್ಮ ‘ರೀ’ ಹಂಗ ಮರ್ಯಾದಿಗೆ ಕಡೀಕ ‘ಯೊ’ ಹಚ್ಚತಾರ. ಹಿಂದಿಯವರ ‘ನಹೀ ಹೈ’ಗೆ, ನಮ್ಮ ‘ಇಲ್ಲ’ದಂಗ, ಅವರದೂ ಒಂದ ಮಾತು: ‘ಒಪ್ಸೊಯೊ’.

ಇಷ್ಟನ್ನೂ ನನಗ ಕಲಿಸಿದವರು ನಮ್ಮ ಮ್ಯಾಲಿನ ಖೋಲ್ಯಾಗ ಬಾಡಿಗಿಗಿದ್ದ, ಅದೇ ಕಾರ್ಖಾನಿ ಇಂಜಿನಿಯರ್ ಜಿನ್ ಊ. ಹೋದ ತಿಂಗಳ ದೇಸೂರ ಹತ್ರ ಅವರ ಬೈಕಿಗೆ ಲಾರಿ ಬಡೀತು, ಉಳೀಲಿಲ್ಲ. ದವಾಖಾನಿಯಿಂದ ನಾನು ಮನೀಗೆ ಬರೂದಕ್ಕ ಕೊರಿಯಾದಿಂದ ಅವರ ಅವ್ವನ ಫೋನ್ ಬಂತು. ಮಗ ಅದಾನೇನು ಅಂತ ಕೇಳಿದರು. ಸತ್ತಾನ ಅನ್ನೋ ಮಾತು ಜಿನ್ ಊ ನನಗ ಕಲಿಸಿದ್ದೇ ಇಲ್ಲ. ‘ಒಪ್ಸೊಯೊ’ ಅಂದೆ. ಹೊರಗ ಹೋಗ್ಯಾನಂತ ತಿಳಕೊಂಡು, ‘ಆಮ್ಯಾಲ ಮಾಡ್ತೀನಿ’ ಅಂದು ಇಟ್ಟರು.

ಖರೇ ಸುದ್ದಿ ಕಂಪನಿಯವರು ತಿಳಿಸಿದರು. ನಿನ್ನೆ ಅವರವ್ವ ಮತ್ತ ಫೋನ್ ಮಾಡಿದ್ದರು. ಮಗನ ಹೆಸರು ತಗೀಲಿಲ್ಲ. ‘ಊಟ ಆತೇನವಾ?’ ಅಂತ ಕೇಳಿದರು, ನಮ್ಮ ಅವ್ವಗೋಳು ಕೇಳಿದಂಗ. ‘ಆತ್ರಿ’ ಅಂದೆ. ಉಂಡಿರಲಿಲ್ಲ. ಇಬ್ಬರೂ ಫೋನ್ ಹಿಡಕೊಂಡು ಅತ್ವಿ.

ಹುಡುಗ್ಯಾರಿಗೆ ಎರಡೂ ಭಾಷಾ ಬರ್ತಾವ್ರಿ. ಹಿಂದಿ ಕಲಿಸಾಕ ಐತವಾರ ನಾನೇ ಬರ್ತೀನಿ. ಕೊರಿಯನ್ನಿಗೆ ಮಾತ್ರ ಬ್ಯಾರೆ ಯಾರನ್ನರ ನೋಡ್ರಿ.

ನಿಮ್ಮ ವಿದ್ಯಾರ್ಥಿನಿ,
ಅನುರಾಧಾ