ಎಲೆಕ್ಟ್ರಿಕ್ ರೈಲಿನಲ್ಲಿ ಕಂಡ ವರ

ಶ್ರೀ ಚೌಡೇಶ್ವರ್ಯೈ ನಮಃ

ಸೇಲಂ, ಭಾವ ಸಂವತ್ಸರ, ಪುಷ್ಯ ಬಹುಳ ಪಂಚಮಿ

ಪಾಪಿರೆಡ್ಡಿಪಟ್ಟಿಯ ಚಿಕ್ಕಚೌಡಯ್ಯನವರಿಗೆ ಸಿಂಗಾರಯ್ಯನು ಅರಿಕೆ ಮಾಡುವುದೇನೆಂದರೆ:

ನನ್ನ ಮೊಮ್ಮಗಳಿಗೆ ನಿಶ್ಚಯವಾದ ತಮ್ಮ ಪುತ್ರನಿಗೆ ಧಾರೆಯ ಧೋತ್ರವನ್ನು ತಲುಪಿಸಲು ಕಳೆದ ಸೋಮವಾರ ಮದರಾಸಿನ ಎಲೆಕ್ಟ್ರಿಕ್ ರೈಲನ್ನೇರಿದೆನು. ಅಲ್ಲಿ ಜನರು ಮೈಗೆ ಮೈ ಒತ್ತಿ ನಿಂತರೂ ಒಬ್ಬರ ಮುಖವನ್ನೊಬ್ಬರು ನೋಡರು. ಪಕ್ಕದವನ ಉತ್ತರೀಯದ ಅಂಚು ನಮ್ಮ ಕೇರಿಯ ನೇಯ್ಗೆಯಂತೆ ತೋರಿತು. ನೇಕಾರರ ರೂಢಿಯಂತೆ ಅದನ್ನು ಬೆರಳಲ್ಲಿ ಹಿಡಿದು, “ಇದ್ಯಾರ ಮಗ್ಗದ್ದಪ್ಪಾ?” ಎಂದೆನು. ಅವನು ನನ್ನನ್ನು ಜೇಬುಗಳ್ಳನೆಂದು ಕೂಗಿ ಕೈ ಹಿಡಿದನು.

ಆಗ ಗೆಳೆಯರೊಡನೆ ಕುಳಿತಿದ್ದ ತಮ್ಮ ಪುತ್ರ ರಾಮಚಂದ್ರಪ್ಪನು ಕಣ್ಣಿಗೆ ಬಿದ್ದನು.

“ರಾಮಚಂದ್ರಾ, ನೀನಾದ್ರೂ ಯೋಳಪ್ಪಾ, ನಾನ್ಯಾರಂತ!”

“ಯಾರ್‍ಲಾ ಅದು, ನಿನ್ನ ತಾತನಾ?” ಎಂದು ಗೆಳೆಯನೊಬ್ಬನು ನಕ್ಕನು.

“ಯಾರೋ ಹಳ್ಳಿಮುಕ್ಕ. ಎನಕ್ಕು ತೆರಿಯಾದು,” ತನಗೆ ಗೊತ್ತಿಲ್ಲವೆಂದು ತಮಿಳಿನಲ್ಲಿ ನುಡಿದು, ತಮ್ಮ ಪುತ್ರನು ಪತ್ರಿಕೆಯಲ್ಲಿ ಮುಖ ಮರೆಸಿಕೊಂಡನು.

ಮುಂದಿನ ನಿಲ್ದಾಣದಲ್ಲಿ ನನ್ನನ್ನಿಳಿಸಿ ಗಂಟನ್ನು ಬಿಚ್ಚಿಸಿದರು. ಜಪಮಾಲೆಯೂ ಆ ಧೋತ್ರವೂ ನೆಲಕ್ಕೆ ಬಿದ್ದವು.

ಮೊಮ್ಮಗಳ ಜಾತಕವನ್ನು ದಯಮಾಡಿ ಅಂಚೆಯಲ್ಲಿ ಹಿಂದಿರುಗಿಸಿರಿ. ತಾವೇ ತರುವ ಶ್ರಮ ಬೇಡ. ಬಂದರೆ, ಕೇರಿಯವರೆದುರು ತಮ್ಮನ್ನು ಅರಿಯೆನೆಂದು ಸುಳ್ಳಾಡಲು ನನ್ನಿಂದಾಗದು.

ಇಂತು,
ಮಗ್ಗದ ಮನೆ ಸಿಂಗಾರಯ್ಯ