ನೀರು ಸೋಸಿದ ಬಟ್ಟೆ

ಇಚಲಕರಂಜಿ
೧೮ ಫೆಬ್ರುವರಿ ೧೯೪೬

ಪ್ರೀತಿಯ ಶಾಲನಕ್ಕನಿಗೆ ತಮ್ಮ ಪಾರೀಸನ ಜಯ ಜಿನೇಂದ್ರ.

ದಂಡಿನಿಂದ ಬಿಡುಗಡೆಯಾದ ದಾಜಿ ಇನ್ನೂ ಗಡಹಿಂಗ್ಲಜಕ್ಕೆ ಏಕೆ ಬಂದಿಲ್ಲ ಎಂದು ಕೇಳಿದ್ದೀಯ. ನಿನ್ನ ಗಂಡನನ್ನು ಇಲ್ಲಿ ಹಿಡಿದಿಟ್ಟವನು ನಾನೇ. ಬರ್ಮಾದ ಯುದ್ಧದಲ್ಲಿ ಗಾಯಾಳುವನ್ನು ಹೊತ್ತು ತಂದದ್ದಕ್ಕೆ ಆಂಗ್ಲರು ಕೊಟ್ಟ ಪದಕವನ್ನು ಅವರು ಕೊಲ್ಹಾಪುರದ ಸಭೆಯಲ್ಲಿ ಎಲ್ಲರೆದುರು ಎಸೆಯಬೇಕೆಂಬುದು ನನ್ನ ಹಟ. ಅವರನ್ನು ಕೇಳದೆಯೇ ಚಳವಳಿಯ ಗೆಳೆಯರಿಗೆ ಮಾತು ಕೊಟ್ಟಿದ್ದೆ. ದೊರೆಗಳ ಬಿಲ್ಲೆ ಎದೆಯ ಮೇಲಿದ್ದರೆ ಬೆನ್ನು ಎಂದೂ ನೆಟ್ಟಗಾಗದು ಎಂದು ಕರಪತ್ರದಲ್ಲಿ ಓದಿದ್ದೆ. ಈಗಲೂ ನಂಬುತ್ತೇನೆ.

ದಾಜಿ ಒಲ್ಲೆ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅಥಣಿಯಿಂದ ಮಗ್ಗದ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಾಗಲೂ ಹೀಗೇ ಇದ್ದರಲ್ಲ. ದಂಡಿಗೆ ಸೇರುವಾಗಲೂ ಬಂದೂಕು ಹಿಡಿಯುವುದಿಲ್ಲ, ಗಾಯಾಳುಗಳ ಡೋಲಿ ಹೊರುತ್ತೇನೆ ಎಂದಷ್ಟೇ ಹೇಳಿದ್ದರು. ಈಗ ದಿನವಿಡೀ ಮಲಗಿರುತ್ತಾರೆ. ಎದ್ದರೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ನೀರು ತಂದ ಬಾವಿಯಲ್ಲೇ ಜಾಲಿಸಿ ಬರುತ್ತಾರೆ. ನೆರೆಮನೆಯ ಹೀರಾಬಾಯಿ ನಕ್ಕಳು: "ಏನ್ರಿ ಸುಭೇದಾರ, ಅಲ್ಲಿ ಮಂದಿ ಸತ್ರು, ಇಲ್ಲಿ ಹುಳಾ ಉಳಸಾಕತ್ತೀರಿ?"

"ಸುಭೇದಾರ ಅಲ್ಲರೀ, ಹಮಾಲ," ಎಂದು ದಾಜಿಯೂ ನಕ್ಕರು.

ನಿನ್ನೆ ಸಭೆಗೆ ಬಂದರು. ವೇದಿಕೆಯ ಮೇಲೆ ಪದಕ ಹಿಡಿದು ನಿಂತರು, ಎಸೆಯಲಿಲ್ಲ. "ಇದು ನಂದಲ್ಲ. ನಾ ಹ್ಯಾಂಗ ಒಗೀಲಿ?" ಎಂದರು.

ಗುಂಡು ಹಾರುತ್ತಿದ್ದಾಗ ಅವರ ತುಕಡಿ ಒಂದು ಹಳ್ಳದಿಂದ ಹಿಂದೆ ಸರಿದಿತ್ತಂತೆ. ನೀರು ಸೋಸಿದ ಬಟ್ಟೆ ಹೆಗಲ ಮೇಲೇ ಉಳಿದಿತ್ತು. ಅದರಲ್ಲಿದ್ದ ಜೀವಗಳನ್ನು ಹಳ್ಳಕ್ಕೆ ಮರಳಿಸಲು ಇವರೊಬ್ಬರೇ ತಿರುಗಿ ಹೋದರು. ಅಲ್ಲಿ ಜೊಂಡಿನೊಳಗೆ ಸಿಪಾಯಿಯೊಬ್ಬ ನರಳುತ್ತಿದ್ದ. ಹೊತ್ತು ತಂದರು. ಗಾಯಾಳುವಿಗಾಗಿಯೇ ಗುಂಡಿಗೆ ಎದೆಗೊಟ್ಟ ವೀರ ಎಂದು ತುಕಡಿಯ ಸಾಹೇಬ ಮೇಲಿನವರಿಗೆ ತಿಳಿಸಿದ. "ಖರೇ ಹೇಳಬೇಕಂದ್ರ, ನಾ ಹೋಗಿದ್ದು ಹುಳದ ಸಲುವಾಗಿ," ಎಂದರು ದಾಜಿ.

ಜನ ಗೊಳ್ಳೆಂದು ನಕ್ಕರು. "ಖಾಲೀ ಬಸಾ! ಕೆಳಗ ಕೂಡ್ರಿ!" ಎಂದು ಯಾರೋ ಕೂಗಿದರು. ಗೆಳೆಯರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಮರಳುವಾಗ ಮೋಟಾರಿನಲ್ಲಿ ಸಿಟ್ಟಿನಿಂದ ಕೇಳಿದೆ: "ಒಗದಿದ್ರ ಏನಾಗ್ತಿತ್ರಿ ದಾಜಿ?"

"ಭಾಳ ದಣದೀನಿ ಪಾರೀಸಾ. ಮನೀಗೆ ಕಳಸಪಾ."

ಬುಧವಾರ ಹೊರಡುತ್ತಾರೆ. ಪದಕ ಬೇಡವೆಂದು ನನ್ನ ಕೈಗಿಟ್ಟಿದ್ದಾರೆ. ಇಂದು ಅದನ್ನು ಎಸೆಯಲು ಪಂಚಗಂಗಾ ಹೊಳೆಯವರೆಗೆ ಹೋಗಿದ್ದೆ. ಹಾಗೇ ತಿರುಗಿ ಬಂದೆ. ಅಕ್ಕಾ, ಸಾಮ್ರಾಜ್ಯ ಬೀಳಲೇಬೇಕು. ಆದರೆ ಈ ಮನುಷ್ಯನಿಂದ ನೀನೂ ಏನನ್ನೂ ಬೇಡಬೇಡ. ನಾನು ಬೇಡಿದ್ದೇ ಸಾಕು.

ನಿನ್ನ ತಮ್ಮ,
ಪಾರೀಸ

ತಾ.ಕ.: ಸಭೆಯಲ್ಲಿ ಹೇಳದ್ದನ್ನು ದಾಜಿ ಮೋಟಾರಿನಲ್ಲಿ ಹೇಳಿದರು. ಜೊಂಡಿನಲ್ಲಿ ಇಬ್ಬರಿದ್ದರು. ಇನ್ನೊಬ್ಬ ನೀರು ಬೇಡಿದ್ದ. ಇವನನ್ನು ಇಳಿಸಿ ಈಗ ಬಂದೆ ಎಂದು ದಾಜಿ ಅವನಿಗೆ ಹೇಳಿದ್ದರು. ಮತ್ತೆ ಹೋಗಲು ಸಾಹೇಬ ಬಿಡಲಿಲ್ಲ. ಊಟಕ್ಕೆ ಕೂರುವಾಗ ಅವರು ಸೋಸಿದ ನೀರಿನ ತಂಬಿಗೆಯೊಂದನ್ನು ಪಕ್ಕಕ್ಕೆ ಇಡುತ್ತಾರೆ. ಯಾರಿಗೆಂದು ಕೇಳಬೇಡ. ಚೆಲ್ಲಲೂ ಬೇಡ.