ಪ್ರಕಟಣೆ ನಮ್ಮ ಚರ್ಚಿನಲ್ಲೂ ಆಗಲಿ

ಝಳಕಿ, ಸೋಮವಾರ

ಪೂಜ್ಯ ಫಾದರ್ ಅವರಿಗೆ ರತ್ನವ್ವನ ವಂದನೆಗಳು.

ನನ್ನ ಸೊಸೆ ಸಲೋಮಿ ತನ್ನ ಮರುಮದುವೆಯ ಪ್ರಕಟಣೆಯನ್ನು ವರನ ಊರಾದ ಸಿಂದಗಿಯಲ್ಲಷ್ಟೇ ಓದಿಸಿ, ನಮ್ಮ ಚರ್ಚಿನಲ್ಲಿ ಬೇಡ ಎಂದು ನಿಮ್ಮನ್ನು ಕೇಳಿಕೊಂಡಿದ್ದಾಳಂತೆ. ಮುಂದಿನ ಬೆಂಚಿನಲ್ಲಿ ಕೂರುವ ಈ ಮುದುಕಿಯ ಎದೆ ಒಡೆದೀತೆಂಬ ಹೆದರಿಕೆ ಅವಳಿಗೆ. ವರ ಪೌಲಪ್ಪನೇ ನಿನ್ನೆ ಮನೆಗೆ ಬಂದು, "ಕದ್ದು ಮದಿವಿ ಮಾಡ್ಕೊಳ್ಳೂದು ನನಗ ಬ್ಯಾಡ್ರಿ" ಎಂದು ಎಲ್ಲವನ್ನೂ ಹೇಳಿದ.

ಮಗ ಫಿಲಿಪ್ಪ ತೀರಿಕೊಂಡ ಮೇಲೆ ಅಳುವುದನ್ನೆಲ್ಲ ಅತ್ತು ಮುಗಿಸಿದ್ದೇನೆ. ಈಗ ದಣಿವು ಬಿಟ್ಟರೆ ಏನೂ ಉಳಿದಿಲ್ಲ. ಸಲೋಮಿ ಹಗಲೆಲ್ಲ ನಿಂಬೆ ತೋಟದಲ್ಲಿ ದುಡಿದು ಬಂದು ನನ್ನ ಕಾಲೊತ್ತುತ್ತಾಳೆ. ಬೇಡವೆಂದರೆ, "ಸುಮ್ನ ಮಲ್ಕೋರಿ, ಅತ್ತಿ" ಎನ್ನುತ್ತಾಳೆ. ಮುಳ್ಳು ಗೀರಿದ ಆ ಕೈ ನನ್ನ ಕಾಲಿಗಿಂತ ಹೆಚ್ಚು ದಣಿದಿದೆ.

ಬರುವ ಭಾನುವಾರ ನಮ್ಮಲ್ಲೂ ಓದಿರಿ. ನನಗೆ ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿ ಓದಿರಿ. ಅಡ್ಡಿಯಿದ್ದವರು ತಿಳಿಸಬೇಕೆಂದು ನೀವು ಕೇಳಿದಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ. ನೋಡಲಿ. ನಾನು ಅದೇ ಬೆಂಚಿನಲ್ಲಿ ಕೂತಿರುತ್ತೇನೆ.

ಇನ್ನೊಂದು ಮಾತು. ಅವಳನ್ನು ಫಿಲಿಪ್ಪನ ವಿಧವೆ ಎಂದು ಓದಬೇಡಿರಿ. ಆ ಹೆಸರು ಹೊತ್ತು ಅವಳಿಗೂ ಸಾಕಾಗಿದೆ. ಹೆತ್ತವರನ್ನು ಅವಳು ಚಿಕ್ಕಂದಿನಲ್ಲೇ ಕಳೆದುಕೊಂಡವಳು. ವಧುವಿನ ತಾಯಿಯ ಹೆಸರು ಬರುವಲ್ಲಿ ನನ್ನದನ್ನು ಓದಿರಿ. ಅದಕ್ಕೆ ನಿಯಮ ಅಡ್ಡ ಬಂದರೆ ನನಗೆ ಹೇಳಿ ಕಳಿಸಬೇಡಿರಿ, ವಾದ ಮಾಡುವ ತ್ರಾಣ ನನ್ನಲ್ಲಿಲ್ಲ. ಹೇಗಾದರೂ ಓದಿಬಿಡಿರಿ.

ಇಂತಿ,
ಸಲೋಮಿಯ ತಾಯಿ
ರತ್ನವ್ವ